ಎರಡು ಕಿಲೋ ಅನ್ನ

ಎರಡು ಕಿಲೋ ಅನ್ನದ ಮಾತನ್ನು ಇವತ್ತಾದರೂ ಬಿಡಬಾರದೇ? ಚಟ್ಟದ ಬಿದಿರಿಗೆ ನಾರಿನ ಹಗ್ಗ ಬಿಗಿಯುತ್ತ ರಾಮಾ ಯೋಚಿಸುತ್ತಿದ್ದ. ಬಿಟ್ಟರೆ, ತಾನು ಸೋತದ್ದು ತುಳಸಿದಾಸನಿಗೇ ಎಂದು ಒಪ್ಪಿದ ಹಾಗಾಗುತ್ತದೆ. ಆಡಿದರೆ, ಸತ್ತವನ ಅಂಗಳದಲ್ಲಿ ಕೂತು ಸತ್ತವನನ್ನೇ ಜರೆದ ಹಾಗಾಗುತ್ತದೆ. ಮೂವತ್ತೈದು ವರ್ಷ ಮದುವೆಮನೆ, ಬಸ್‌ಸ್ಟ್ಯಾಂಡ್, ಚಹದಂಗಡಿ ಎನ್ನದೆ ಆಡಿದ ಮಾತು. ನಾಲಿಗೆಗೆ ಅದೊಂದು ಚಟವೇ ಆಗಿಬಿಟ್ಟಿತ್ತು.

"ರಾಮಣ್ಣಾ, ಗಂಟು ಸಡ್ಲಾಯ್ತು," ಎಂದ ನಿತಿನ, ಸತ್ತವನ ಹೆಂಡತಿಯ ತಮ್ಮ. "ನಮ್ಮ ಬಾವ ಹೆವಿವೇಟು, ಮರೀಬೇಡ."

"ಅವನ್ನ ಹೆವಿವೇಟು ಮಾಡಿದ್ದು ಯಾರು..." ಎನ್ನುವಷ್ಟರಲ್ಲಿ ರಾಮಾ ತುಟಿ ಕಚ್ಚಿಕೊಂಡ.

ಹಾರವಾಡದ ಆ ಅಂಗಳದಲ್ಲಿ ನಾಲ್ಕೈದು ಜನ ನಕ್ಕರು. ಒಳಗಿನ ಅಳು ಕೇಳಿ ನಗು ನುಂಗಿದರು.

ಅಷ್ಟರಲ್ಲಿ ತುಳಸಿದಾಸನ ಹೆಂಡತಿ ಹೀರಾ ಹೊರಗೆ ಬಂದಳು. ಕೈಯಲ್ಲಿ ಗಂಡ ಗೆದ್ದ ಹಿತ್ತಾಳೆ ಕಪ್ಪು. ಜಿಲ್ಲಾ ಹೆವಿವೇಟ್ ಬಾಕ್ಸಿಂಗ್, ಮೊದಲ ಬಹುಮಾನ. ವರ್ಷಗಟ್ಟಲೆ ಅದರಲ್ಲಿ ಒಣಮೆಣಸು ಇಡುತ್ತಿದ್ದಳು. ಈಗ ಅಷ್ಟನ್ನೂ ಮೊರಕ್ಕೆ ಸುರಿದಳು. ಅಂಗಳಕ್ಕೆ ಅಂಗಳವೇ ಸೀನತೊಡಗಿತು. ಬೆಳಗಿನಿಂದ ಅಳು ಬಾರದೆ ಒದ್ದಾಡುತ್ತಿದ್ದ ದೂರದ ನೆಂಟರ ಕಣ್ಣಲ್ಲೂ ನೀರು ಬಂತು.

"ಇದು ಅವ್ರ ಎದೆ ಮೇಲೆ ಹೋಗ್ಲಿ."

"ಬೇಡ ಅಕ್ಕಾ," ನಿತಿನ ಮೂಗು ಒರೆಸಿಕೊಂಡ. "ಅನ್ನದ ಚಾಂಪಿಯನ್ ಅಂದು ಊರು ನಗ್ತದೆ. ಇವತ್ತೊಂದಿನ ಬೇಡ."

"ಹೋದ ವಾರ ಆಸ್ಪತ್ರೆಲಿ ನನ್ನ ಕೇಳ್ದ್ರು. 'ಹೀರಾ, ಆವತ್ತು ರಾಮನ್ನ ಕೆಡಗಿದ್ದು ನಾನೋ, ಅನ್ನವೋ?' ನಾ ಏನ ಹೇಳೂದು? ಹೊಡಸ್ಕಂಡವ್ರು ಇಲ್ಲೇ ಅದಾರೆ, ಅವ್ರೇ ಹೇಳ್ಲಿ. 'ಗೆದ್ದದ್ದು ಅಂವನೇ' ಅಂದ್ರೆ ಕಪ್ಪು ಹೋಗ್ತದೆ. ಇಲ್ಲಾಂದ್ರೆ ಮೆಣಸು ವಾಪಸ್ ತುಂಬ್ತೆ."

ಎಲ್ಲರೂ ರಾಮಾನತ್ತ ತಿರುಗಿದರು. ರಾಮಾ ಗಟ್ಟಿಯಾಗಿದ್ದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ.

*

ಶೆಟಗೇರಿಯ ರಾಮಾ ಮಿಲಿಟರಿಯಲ್ಲಿ ಬಾಕ್ಸಿಂಗ್ ಕಲಿತು ಬಂದು, ಸತತ ಮೂರು ವರ್ಷ ಕಪ್ಪು ಗೆದ್ದಿದ್ದ. ನಾಲ್ಕನೆಯ ವರ್ಷ ಕಾರವಾರದಲ್ಲಿ ಅವನೆದುರು ನಿಲ್ಲುವವರೇ ಇಲ್ಲ. ಕಡೆಗೆ, ಕೈಗೆ ಗ್ಲೌಸು ಹಾಕಿ ಗೊತ್ತಿಲ್ಲದ ತುಳಸಿದಾಸನನ್ನು ಗೆಳೆಯರು ದೋಣಿಯಿಂದಿಳಿಸಿ ದೂಡಿಕೊಂಡು ಬಂದರು. ಹೆವಿವೇಟಿಗೆ ಎಂಬತ್ತೊಂದು ಕಿಲೋ ಇರಲೇಬೇಕು. ಸಂಘಟಕರ ತಕ್ಕಡಿ ಕೆಟ್ಟಿತ್ತು. ಬಂದರಿನಲ್ಲಿ ಮೀನು ತೂಗುವ ತಕ್ಕಡಿಯನ್ನೂ, ತೂಗುವ ಬೊಮ್ಮುವನ್ನೂ ಕರೆಸಿದರು.

"ಎಪ್ಪತ್ತೊಂಬತ್ತೂವರೇ!" ಬೊಮ್ಮು ಕೂಗಿದ.

ಕೈ ಎತ್ತದೆ ಕಪ್ಪು ಹಿಡಿದು ಹೋದರೆ ಶೆಟಗೇರಿಯಲ್ಲಿ ಮಾನ ಉಳಿಯುವುದಿಲ್ಲ. ರಾಮಾ ತಾನೇ ಎದುರಾಳಿಯನ್ನು ಖಾನಾವಳಿಗೆ ಕರೆದೊಯ್ದ.

"ತಿನ್ನೋ ಮಾರಾಯಾ. ಇನ್ನೂ ಒಂದು ಕಿಲೋ ಆಗ್ಬೇಕು."

"ಸಾಕೋ, ಹೊಟ್ಟೆ ಒಡೀತದೆ."

"ಒಡ್ಯೂದು ನನ್ನ ಕೆಲ್ಸ. ನೀ ತಿನ್ನು."

ಬಂಗಡೆ ಸಾರು, ನಾಲ್ಕು ಸಲ ಅನ್ನ, ಮೇಲೆ ಲೋಟಗಟ್ಟಲೆ ನೀರು. ಮತ್ತೆ ತಕ್ಕಡಿ ಹತ್ತಿದಾಗ ಎಂಬತ್ತೊಂದೂವರೆ.

ಮೊದಲ ಸುತ್ತು ಪೂರ್ತಿ ತುಳಸಿದಾಸ ತೇಗುತ್ತಲೇ ಇದ್ದ. ಜನ ಬಿದ್ದು ಬಿದ್ದು ನಕ್ಕರು. ರಾಮಾ ನಗುತ್ತಿರಲಿಲ್ಲ. ಅವನ ಪಕ್ಕೆಲುಬು ಆಗಲೇ ನೋಯುತ್ತಿತ್ತು. ಎರಡನೆಯ ಸುತ್ತಿನಲ್ಲಿ, ಬಲೆ ಎಳೆದು ಎಳೆದು ಗಟ್ಟಿಯಾದ ಆ ಎಡಗೈ ಕೆಳಗಿಂದ ಬಂತು. ರೆಫ್ರಿ ಹತ್ತರವರೆಗೆ ಎಣಿಸಿದ.

ಮರುದಿನವೇ ಚಹದಂಗಡಿಯಲ್ಲಿ ರಾಮಾ ಶುರು ಮಾಡಿದ: "ನಾ ಸೋತದ್ದು ಅವನಿಗಲ್ಲ, ನಾನೇ ಹಾಕ್ಸಿದ ಎರಡು ಕಿಲೋ ಅನ್ನಕ್ಕೆ. ಅದಿಲ್ದಿದ್ರೆ ಅಂವ ಹೆವಿವೇಟೇ ಅಲ್ಲ." ಮಾತು ರುಚಿಯಾಗಿತ್ತು. ಅಂಕೋಲೆಯವರೆಗೂ ಓಡಾಡಿತು.

*

"ತಡೀರಿ," ಎಂದಿತು ಒಂದು ಸಣ್ಣ ದನಿ. ಜಗಲಿಯ ಮೂಲೆಯಲ್ಲಿ ಬೊಮ್ಮು ಕೂತಿದ್ದ, ಈಗ ಎಂಬತ್ತು ದಾಟಿದ ಮುದುಕ. "ನಂದೊಂದು ತಪ್ಪಿತ್ತು. ಮೀನು ತೂಗಿದ್ರೆ ನಾವು ನೀರಿಗೆ ಅಂತ ಬುಟ್ಟಿಗೆ ಎರಡು ಕಿಲೋ ಕಮ್ಮಿ ಮಾಡೇ ಕೂಗೂದು. ತುಳಸಿ ದೋಣಿಯಿಂದ ಸೀದಾ ಬಂದಿದ್ದ, ಒದ್ದೆ ಚಡ್ಡಿ. ಬಾಯಿಗೆ ರೂಢಿ ನೋಡು, ಎರಡು ಬಿಟ್ಟೇ ಕೂಗ್ದೆ."

"ಅಂದ್ರೆ?" ನಿತಿನ ಎದ್ದು ನಿಂತ.

"ಊಟಕ್ಕೆ ಮೊದ್ಲೇ ಎಂಬತ್ತೊಂದೂವರೆ ಇತ್ತು."

"ಮತ್ತೆ ಊಟ ಆದ್ಮೇಲೆ?"

"ಆಗೂ ಎರಡು ಬಿಟ್ಟೆ. ರೂಢಿ ಅಂದ್ನಲ್ಲ."

"ಇಷ್ಟು ವರ್ಷ ಹೇಳ್ಲಿಲ್ಲಲ್ಲ ಅಜ್ಜಾ!" ಎಂದಳು ತುಳಸಿದಾಸನ ಮಗಳು ನೀತಾ.

"ಎಲ್ರೂ ಅನ್ನದ ಸುದ್ದಿನೇ ಮಾತಾಡ್ತಿದ್ರು ತಂಗಿ. ತಕ್ಕಡಿ ಸುದ್ದಿ ಯಾರೂ ಕೇಳ್ಲಿಲ್ಲ."

ನಿತಿನ ಬೆರಳು ಮಡಿಸಿ ಲೆಕ್ಕ ಹಾಕಿದ. "ಹಾಂಗಾದ್ರೆ ಬಾವ ಮೊದ್ಲೇ ಹೆವಿವೇಟು. ಮೇಲಿಂದ ಎರಡು ಕಿಲೋ ಹೊಟ್ಟೇಲಿ ಹೊತ್ಕಂಡು ಹೊಡದ! ರಾಮಣ್ಣಾ, ಅಂವ ಉಪಾಸ ಇದ್ದಿದ್ರೆ ನೀ ಮೊದ್ಲನೇ ಸುತ್ತಿಗೇ ಮಲಗ್ತಿದ್ಯೋ!"

ಈ ಸಲ ನಗು ತಡೆಯಲು ಯಾರಿಗೂ ಆಗಲಿಲ್ಲ. ಹೀರಾ ಮಾತ್ರ ನಗಲಿಲ್ಲ. ಬಂದು ರಾಮಾನೆದುರು ನಿಂತಳು.

"ಅನ್ನ ಹೋಯ್ತು ರಾಮಣ್ಣಾ. ಈಗ ಹೇಳಿ. ಪೆಟ್ಟು ಹ್ಯಾಂಗಿತ್ತು?"

ಅವನು ಕೊನೆಯ ಗಂಟು ಬಿಗಿದು ಹಗ್ಗ ಕೆಳಗಿಟ್ಟ.

"ಗಟ್ಟಿ ಇತ್ತು ಹೀರಕ್ಕಾ," ಎಂದ. "ಕಪ್ಪು ಅವಂದೇ. ಇಡಿ."

ಅವಳು ಸೆರಗಿನಿಂದ ಕಪ್ಪನ್ನು ಒರೆಸಿ ಗಂಡನ ಎದೆಯ ಮೇಲಿಟ್ಟಳು.

ಚಟ್ಟ ಎತ್ತಿದರು. ರಾಮಾ ಮುಂದೆ ಹೆಗಲು ಕೊಟ್ಟಿದ್ದ. ದಂಡೆಗೆ ಬಂದಾಗ ಮೆದು ಮರಳಿನಲ್ಲಿ ಕಾಲು ಹೂತು ಒಂದು ಮೊಣಕಾಲೂರಿದ. ಮೇಲೆ ಕಪ್ಪು ವಾಲಿತು. ನಿತಿನ ಕೈ ಚಾಚಿ ಹಿಡಿದ.

"ಏಳು ರಾಮಣ್ಣಾ, ಏಳು."

ರಾಮಾ ಎದ್ದ.

ಆವತ್ತೂ ಏಳಬಹುದಿತ್ತು. ರೆಫ್ರಿ ಆರು ಎನ್ನುವಾಗಲೇ ತಲೆ ತಿಳಿಯಾಗಿತ್ತು, ಕಾಲಲ್ಲಿ ಬಲವಿತ್ತು. ಆ ಕೈಯಿಂದ ಇನ್ನೊಂದು ಪೆಟ್ಟು ಬಿದ್ದೀತೆಂದು ಹೆದರಿ, ಹತ್ತು ಆಗುವವರೆಗೆ ಕಣ್ಣು ಮುಚ್ಚಿ ಮಲಗಿದ್ದ. ಇದನ್ನು ಅವನು ತುಳಸಿದಾಸನಿಗೆ ಹೇಳಿರಲಿಲ್ಲ. ಹೀರಾಳಿಗೂ ಹೇಳಲಿಲ್ಲ.