ತುಟಿಯ ಬಲತುದಿ

ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು, ಮುರಿಗೆವ್ವ ಅದನ್ನು ತಿರುವಿ ಹಾಕಬೇಕು ಅನ್ನುವಷ್ಟರಲ್ಲಿ ಕಣ್ಣು ಗಂಡನ ತುಟಿಯ ಬಲತುದಿಗೆ ಹೋಗಿ ನಿಂತಿತು — ಕುಡಿದ ಮಜ್ಜಿಗೆ ಒಳಗಿಳಿಯದೆ ಹನಿಹನಿಯಾಗಿ ಗದ್ದಕ್ಕೆ ಜಾರುತ್ತಿದೆ, ಏನ್ರಿ, ಎರಡೂ ಕೈ ಎತ್ರಿ ನೋಡೂಣು, ಎಡಗೈ ಎದ್ದಿತು, ಬಲಗೈ ತೊಡೆಯ ಮೇಲೇ ಉಳಿಯಿತು, ಹೆಸರ ಹೇಳ್ರಿ ಅಂದರೆ ಶಿವಯೋಗೆಪ್ಪನ ಬಾಯಿಂದ ಬರೀ ಬ್ಯಾ ಬ್ಯಾ, ಲಕ್ವಾ, ಮೂರು ವರ್ಷದ ಹಿಂದೆ ಅತ್ತೆಗೆ ಹೊಡೆದದ್ದೇ, ಅಂದು ವಿಜಾಪುರದ ಡಾಕ್ಟರು ಹೀಗೇ ಕೈ ಎತ್ತಿಸಿ ನೋಡಿದ್ದರು — ಅಳಬಾರದು, ಮಗ್ಗಲಾಗಿ ಮಲಗಿಸಬೇಕು, ಬೆರಳಿಗೆ ಸೆರಗು ಸುತ್ತಿ ಬಾಯಲ್ಲಿದ್ದದ್ದು ತೆಗೆಯಬೇಕು, ರೊಟ್ಟಿ ಸೀದರೆ ಸೀಯಲಿ. ಬಾಜೂಮನೆ ಲಕ್ಕವ್ವ ಬಳ್ಳೊಳ್ಳಿ ಕುದಿಸಿದ ಹಾಲು ಹಿಡಿದು ಬಂದೇಬಿಟ್ಟಳು, ಹಾಕಬೇ ಎರಡ ಚಮಚಾ, ವಾಯು ಇಳೀತೈತಿ, ಒಂದ ಹನಿ ಬ್ಯಾಡ ಲಕ್ಕವ್ವ, ಅಯ್ಯ, ಗಂಡನ್ನ ಉಪಾಸ ಕೆಡವತಿಯೇನ, ರಾತ್ರಿ ಸಾಲಿ ಕಲ್ತು ಡಾಕ್ಟರಣಿ ಆದಿ ಬಿಡು, ಆದೆ, ಬಟ್ಟಲ ಕೆಳಗಿಡು, ಹೋಗಿ ಮಲಂಗಸಾಬಗ ಟಾಂಗಾ ಹೂಡಾಕ ಹೇಳು — ಅಂದು ಅತ್ತೆಗೆ ಬಟ್ಟಲು ತುಂಬ ಗಂಜಿ ಹಾಕಿದ ತನ್ನ ಕೈ ಇದೇ, ಅದು ಗಂಟಲಲ್ಲಿ ಗೊರಗೊರ ಅಂದದ್ದು ಕೇಳಿದ ಕಿವಿ ಇದೇ, ತುಟಿಯ ತುದಿಯಿಂದ ಜಾರಿದ ಹನಿಯನ್ನು ಮತ್ತೆ ಒಳಗೇ ತುರುಕಿದ ಬೆರಳು ಇದೇ. ಮೂರನೇ ದಿನ ಬಂದ ಡಾಕ್ಟರು, ನುಂಗೂ ಶಕ್ತಿ ಹೋಗಿರತೈತಿ, ಹಾಕಿದ್ದು ಉಸಿರಿನ ದಾರಿಗೆ ಇಳೀತೈತಿ, ಬಾಯಾಗ ಯಾರ ಏನ ಹಾಕೀರಿ, ಎಲ್ಲರ ಕಣ್ಣು ನಾದಿನಿ ಕಾಶಿಬಾಯಿಯ ಕೈಯ ತಂಬಿಗೆಗೆ, ಬಬಲೇಶ್ವರದಿಂದ ಆಗಷ್ಟೇ ಬಂದವಳು, ಹೆತ್ತವ್ವನಿಗೆ ಮಗಳ ನೀರೆಂದು ಒಂದು ಗುಟುಕು ಬಿಟ್ಟಿದ್ದಳು, ಅಷ್ಟೇ, ಅಂದು ರಾತ್ರಿಯೇ ಅತ್ತೆ ತೀರಿಕೊಂಡಳು, ಅವ್ವನ್ನ ಕೊಂದಾಳ ಅಂದಿತು ಇಡೀ ತಿಕೋಟಾ, ಮುರಿಗೆವ್ವ ತುಟಿ ಬಿಚ್ಚಲಿಲ್ಲ, ಕಾಶಿಬಾಯಿ ಮತ್ತೆ ತವರ ಹೊಸ್ತಿಲು ತುಳಿಯಲಿಲ್ಲ — ಅಕ್ಷರ ಕಲಿತು ಬರೆದ ಮೊದಲ ಕಾಗದ ಅದೇ, ನಿಮ್ಮವ್ವಗ ಗಂಜಿ ಹಾಕಿದಾಕಿ ನಾನ, ನೀ ಅಲ್ಲ, ರಾಜನ ಮುಖದ ಟಿಕೀಟು ಹಚ್ಚಿ ಟ್ರಂಕಿನ ತಳಕ್ಕೆ ಹಾಕಿ ಎರಡು ವರ್ಷ, ನಾಳೆ ನಾಳೆ. ಟಾಂಗಾ ಬಂದು ನಿಂತಿತು, ಡಾಕ್ಟರನ್ನ ಕರಕೊಂಡ ಬರ್ತೇನ್ರಿ ಅವ್ವಾರ, ತಡಿ ಯಪ್ಪಾ ಮಲಂಗಸಾಬ, ಬಾಯಾಗ ಏನೂ ಹಾಕಿಲ್ಲ ಅಂತ ಹೇಳು ಅವರಿಗೆ, ಈ ಸಲ ಖರೇನ, ಮತ್ತ ಇದನ್ನ ಟಪಾಲ ಡಬ್ಬಿಗಿ ಹಾಕು, ಟ್ರಂಕಿನ ತಳದಿಂದ ತೆಗೆದ ಲಕೋಟೆಯ ಮೇಲೆ ಹಿಟ್ಟಿನ ಬೆರಳು ಮೂಡಿತು, ಮೂಡಲಿ, ಗಾಲಿ ಉರುಳಿತು, ಹೋಯಿತು, ಇನ್ನು ಹಿಂದಕ್ಕೆ ಬರುವುದಲ್ಲ, ಕಾಶಿಬಾಯಿ ಬೈದರೆ ಬೈಯಲಿ, ಬಂದು ಬೈಯಲಿ, ಗಂಡನ ತಲೆ ಮಗ್ಗಲಾಗಿ ಹಿಡಿದು ಸೆರಗಿನಿಂದ ಒರೆಸಿದಳು, ತುಟಿಯ ತುದಿಯಲ್ಲಿ ಮತ್ತೆ ಹನಿ, ಒಳಗೆ ತುರುಕದೆ ಒರೆಸಿದಳು, ಮತ್ತೆ ಹನಿ, ಬೆಳ್ಳಗೆ, ಒಂದು ಹನಿ —