ಹತ್ತು ಗಂಟೆಯ ಚಹಾ

ಹತ್ತು ಗಂಟೆ ದಾಟಿ ಹನ್ನೆರಡು ನಿಮಿಷವಾಗಿತ್ತು. ಇನ್ನೂ ಯಾರೂ ಚಹಾಕ್ಕೆ ಎದ್ದಿರಲಿಲ್ಲ.

ಧನಶ್ರೀ ಗೋಡೆಯ ಗಡಿಯಾರ ನೋಡಿದಳು, ಕೈಗಡಿಯಾರ ನೋಡಿದಳು, ಮತ್ತೆ ಮೇಜಿನ ಮೇಲಿನ ಕಾಗದಕ್ಕೆ ಬಂದಳು. ಅದರ ಕೊನೆಯ ಸಾಲು ಹೀಗಿತ್ತು: ‘ಹಳೆಯ ಸರ್ವರ್ ಕಂಪ್ಯೂಟರನ್ನು ನೆಚ್ಚಿಕೊಂಡ ಯಾವುದೂ ಈ ಕಾರ್ಖಾನೆಯಲ್ಲಿ ಉಳಿದಿಲ್ಲ.’ ಕೆಳಗೆ ಅವಳ ಹೆಸರು, ಹೆಸರಿನ ಮೇಲೆ ಸಹಿಗೆ ಖಾಲಿ ಜಾಗ. ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಬೀಳಬೇಕಿತ್ತು. ಬಿದ್ದ ಮೇಲೆ ಹಳೆಯ ಸರ್ವರನ್ನು ಪೂರ್ತಿ ಅಳಿಸಿ ಗುಜರಿಗೆ ಹಾಕುತ್ತಾರೆ. ಗುಜರಿಯ ಗಾಡಿ ಆಗಲೇ ಬಂದು ಗೇಟಿನ ಹತ್ತಿರ ನಿಂತಿತ್ತು.

ಔಷಧ ತಯಾರಿಸುವ ಆ ಕಂಪನಿಗೆ ಏಳು ಕಾರ್ಖಾನೆಗಳು. ಇಲ್ಲಿಯವರೆಗೆ ಪ್ರತಿ ಕಾರ್ಖಾನೆಯ ಕಡತಗಳೂ ಲೆಕ್ಕಗಳೂ ಅಲ್ಲಲ್ಲಿಯ ಸರ್ವರಿನಲ್ಲೇ ಇದ್ದವು. ಈ ವರ್ಷ ಎಲ್ಲವನ್ನೂ ಕ್ಲೌಡಿಗೆ, ಅಂದರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ದೊಡ್ಡ ಕಂಪ್ಯೂಟರುಗಳಿಗೆ ಸಾಗಿಸುವುದೆಂದು ಆಗಿತ್ತು. ಆರು ಕಡೆ ಮುಗಿದು ಹುಮನಾಬಾದಿನದೊಂದೇ ಬಾಕಿ ಇತ್ತು. ಹಳೆಯ ಸರ್ವರಿಗೆ ಯಾವ ಯಾವ ಯಂತ್ರ ಜೋಡಿಸಿದೆ ಎಂದು ಪಟ್ಟಿ ಮಾಡುವ ಕೆಲಸ ದಾಖಲೆ ವಿಭಾಗದ ಧನಶ್ರೀಯ ಪಾಲಿಗೆ ಬಂತು. “ಆಕಿಗೇ ಕೊಡ್ರಿ,” ಎಂದು ಮ್ಯಾನೇಜರ್ ಅಶೋಕಕುಮಾರ ಎಲ್ಲರೆದುರಿಗೆ ನಕ್ಕಿದ್ದರು. “ಬಸ್ಸಿನ್ಯಾಗ ಕುಂತ ಮ್ಯಾಲೂ ಮನಿ ಕೀಲಿ ಹಾಕೀನೋ ಇಲ್ಲೋ ಅಂತ ಚಿಂತಿ ಮಾಡಾಕಿ ಅದಾಳ.”

ಅದು ಸುಳ್ಳೇನೂ ಆಗಿರಲಿಲ್ಲ. ಇಪ್ಪತ್ತು ದಿನ ಕಾರ್ಖಾನೆಯ ಮೂಲೆಮೂಲೆ ತಿರುಗಿ, ಒಬ್ಬೊಬ್ಬರನ್ನೂ ಕೇಳಿ, ಮೂವತ್ತೊಂದು ವಸ್ತುಗಳ ಪಟ್ಟಿ ಮಾಡಿದ್ದಳು. ಕಾರ್ಖಾನೆಯಲ್ಲಿದ್ದಾಗ ಪಟ್ಟಿ ಸರಿ ಎನಿಸುತ್ತಿತ್ತು; ಸಂಜೆ ಬಸವಕಲ್ಯಾಣದ ಬಸ್ಸು ಹತ್ತಿದೊಡನೆ ಏನೋ ಬಿಟ್ಟುಹೋಗಿದೆ ಎನಿಸುತ್ತಿತ್ತು. ಉಳಿದವರೆಲ್ಲ ಇಂಜಿನಿಯರುಗಳು. ಅವಳದು ಒಂದು ವರ್ಷದ ಸಂಜೆ ಕ್ಲಾಸು. ಕೆಲಸ ಮುಗಿಸಿ, ಬಸ್ಸಿಳಿದು, ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಖೋಲಿಗೆ ನೇರವಾಗಿ ಹೋಗಿ ಕಲಿತದ್ದು. ಅಲ್ಲಿ ಜ್ಞಾನೇಶ್ವರ ಸರ್ ಹೇಳಿದ ಒಂದು ಮಾತನ್ನು ಅವಳು ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಳು: “ಹಳೇದು ತೆಗೀಬೇಕಾದ್ರ ಮೊದಲ ಒಡೀಬ್ಯಾಡ್ರಿ, ಬರೇ ಬಂದ್ ಮಾಡ್ರಿ. ಬಂದ್ ಮಾಡಿ ಸುಮ್ಮ ಕುಂದರ್ರಿ. ಯಾರು ಚೀರತಾರ ಕೇಳ್ರಿ.”

ಅದನ್ನೇ ನೆಚ್ಚಿಕೊಂಡು ಅವಳು ಸರ್ವರನ್ನು ಬಂದ್ ಮಾಡಿ ಕಾದು ನೋಡಲು ಒಂದು ವಾರದ ಸಮಯ ಕೇಳಿದ್ದಳು. ಹೈದರಾಬಾದಿನ ಕೇಂದ್ರ ಕಚೇರಿಯಿಂದ ಈ ಕೆಲಸಕ್ಕೆಂದೇ ಬಂದಿದ್ದ ಅಸದ್ ಒಂದು ರಾತ್ರಿ, ಅರ್ಧ ದಿನ ಕೊಟ್ಟಿದ್ದ. ನಿನ್ನೆ ಸಂಜೆ ಆರಕ್ಕೆ ಸರ್ವರಿನ ಪ್ಲಗ್ ಕಿತ್ತರು. ಬೆಳಗಿನಿಂದ ಯಾರೂ ಚೀರಿರಲಿಲ್ಲ. ತೂಕದ ಖೋಲಿ, ಪ್ರಯೋಗಾಲಯ, ಮಾಲು ಕಳಿಸುವ ವಿಭಾಗ, ಎಲ್ಲವೂ ಕ್ಲೌಡಿನಲ್ಲಿ ಸುಸೂತ್ರವಾಗಿ ನಡೆದಿದ್ದವು.

“ಪೂನಂ, ಚಹಾಕ್ಕ ಯಾಕ ಎದ್ದಿಲ್ಲ?” ಅವಳು ಪಕ್ಕದ ಮೇಜಿನವಳನ್ನು ಕೇಳಿದಳು.

“ಗಂಟಿ ಎಲ್ಲಿ ಹೊಡದದ ಅಕ್ಕಾ? ಹೊಡದ್ರ ಏಳತೀವಿ,” ಎಂದಳು ಪೂನಂ, ತಲೆ ಎತ್ತದೆ. “ನನಗೂ ಆಗಿಂದ ಆಕಳಿಕಿ ಬರಾಕತ್ತದ.”

ದಿನವೂ ಹತ್ತಕ್ಕೆ ಗೇಟಿನ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಅದು ಬಾರಿಸಿದರೆ ಚಹಾ ಎಂದು ಇಡೀ ಕಾರ್ಖಾನೆಗೆ ಗೊತ್ತು. ಯಾರು ಬಾರಿಸುತ್ತಾರೆ ಎಂದು ಧನಶ್ರೀ ಯಾವತ್ತೂ ಕೇಳಿರಲಿಲ್ಲ. ಅವಳು ಪೆನ್ನು ಮುಚ್ಚಿಟ್ಟು ಎದ್ದಳು.

ಗೇಟಿನಲ್ಲಿ ಕಾವಲುಗಾರ ಮಡೆಪ್ಪ ಚಹಾದ ಕಿಟ್ಲಿ ಮುಂದಿಟ್ಟುಕೊಂಡು ಕೂತಿದ್ದ.

“ಮಡೆಪ್ಪಣ್ಣಾ, ಇವತ್ತ ಗಂಟಿ ಯಾಕ ಹೊಡದಿಲ್ರಿ?”

“ನಾ ಎಲ್ಲಿ ಹೊಡೀತೀನ್ರಿ ಅಕ್ಕಾರ? ಅದು ತಾನ ಹೊಡೀತದ. ನಾ ಬಂದ್ ಮಾಡಾಂವ ಅಷ್ಟ.”

“ತಾನ ಹ್ಯಾಂಗ ಹೊಡೀತದ?”

“ಕೋಲ್ಡ್ ರೂಮಿನ ಗಂಟಿರಿ ಅದು. ಒಳಗ ಬಿಸಿ ಏರಿದ್ರ ಹೊಡೀಬೇಕು. ಆದ್ರ ದಿನಾ ಹತ್ತಕ್ಕ...” ಮಡೆಪ್ಪ ಮಾತು ನುಂಗಿ ಕಿಟ್ಲಿಯ ಮುಚ್ಚಳ ಸರಿಮಾಡಿದ. “ಚಾಚಾಗ ಕೇಳ್ರಿ. ನನ್ನ ಬಾಯಿಂದ ಬ್ಯಾಡ.”

ಧನಶ್ರೀ ಕೋಲ್ಡ್ ರೂಮಿನ ಕಡೆಗೆ ಓಡುನಡಿಗೆಯಲ್ಲಿ ಹೊರಟಳು. ಕೋಲ್ಡ್ ರೂಮಿನಲ್ಲಿ ಮಕ್ಕಳಿಗೆ ಕೊಡುವ ಇಂಜೆಕ್ಷನ್ನುಗಳಿದ್ದವು. ಶಾಖ ಎಂಟು ಡಿಗ್ರಿ ದಾಟಿದರೆ ಅವು ಕೆಡುತ್ತವೆ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಅವಳ ಮೂವತ್ತೊಂದರಲ್ಲಿ ಆ ಗಂಟೆ ಇರಲಿಲ್ಲ.

ಅಂಗಳ ದಾಟುವಷ್ಟರಲ್ಲಿ ಕೋಲ್ಡ್ ರೂಮಿನ ಬಾಗಿಲು ತೆರೆದು ಎಲೆಕ್ಟ್ರಿಷಿಯನ್ ಮೊಹಿನುದ್ದೀನ್ ಚಾಚಾ ಹೊರಗೆ ಬಂದರು. ಅವರ ಕೈಯಲ್ಲಿ ಚಹಾದ ಕಪ್ಪು. ಮೇಲೆ ಕೆನೆ ಕಟ್ಟಿತ್ತು.

“ಹೊಡೀಲಿಲ್ಲ ಬೇಟಿ,” ಎಂದರು ಅವರು, ಅವಳು ಕೇಳುವ ಮೊದಲೇ. “ಕಾಲು ತಾಸು ಕಡ್ಡಿ ಕೆಳಗ ಇಟ್ಟು ನಿಂತೆ. ಮಡೆಪ್ಪ ವಾಯರ್ ತೆಗದಾನೇನೋ ಅಂದ್ಕೊಂಡೆ.”

ಸಂಗತಿ ತುಣುಕುತುಣುಕಾಗಿ ಹೊರಬಂತು. ಹನ್ನೊಂದು ವರ್ಷದ ಹಿಂದೆ ಗಂಟೆಯ ತಂತಿ ತುಂಡಾಗಿ, ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಅಂದಿನಿಂದ ಚಾಚಾ ದಿನವೂ ಹತ್ತಕ್ಕೆ ತಮ್ಮ ಬಿಸಿ ಚಹಾವನ್ನು ಒಳಗೆ ಒಯ್ದು, ಶಾಖ ಅಳೆಯುವ ಕಡ್ಡಿಯ ಕೆಳಗೆ ಇಟ್ಟು, ಗಂಟೆ ಬಾರಿಸುತ್ತದೋ ಇಲ್ಲವೋ ನೋಡುತ್ತಿದ್ದರು. ಕಡ್ಡಿಯಿಂದ ಹೊರಟ ತಂತಿ ಹಳೆಯ ಸರ್ವರಿಗೆ ಹೋಗಿ, ಅಲ್ಲಿಂದ ಗೇಟಿಗೆ ಬರುತ್ತಿತ್ತು. ಅದನ್ನು ಜೋಡಿಸಿದ ಇಂಜಿನಿಯರ್ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು.

“ಪಟ್ಟಿ ಮಾಡುವಾಗ ನಿಮಗ ಕೇಳಿದ್ನೆಲ್ರಿ ಚಾಚಾ? ಸರ್ವರಿಗೆ ನಿಮ್ಮದೇನರ ಹಚ್ಚೀರೇನು ಅಂತ?”

“ಕೇಳಿದ್ದಿ.” ಚಾಚಾ ಕಪ್ಪಿನೊಳಗೆ ನೋಡಿದರು. “ಔಷಧಿ ಖೋಲ್ಯಾಗ ಚಹಾ ಒಯ್ಯೂದು ಗುನ್ಹಾ ಅದ. ಗಂಟಿ ಮಾತು ತೆಗದ್ರ ಚಹಾದ ಮಾತೂ ಬರತದ. ಎರಡ ವರ್ಷ ನೌಕರಿ ಉಳದದ, ಬೇಟಿ. ಎಲ್ಲಾ ಕ್ಲೌಡಿಗೆ ಹೋಗ್ತದ ಅಂತ ಹೇಳಾಕತ್ತಿದ್ರು. ಇದೂ ತಾನ ಹೋಗ್ತದ ಅಂದ್ಕೊಂಡೆ.”

“ರಾತ್ರಿ ಒಳಗ ಹ್ಯಾಂಗಿತ್ತು?” ಎಂದು ಕೇಳಿದಳು ಧನಶ್ರೀ.

“ಬಾ, ನೀನ ನೋಡು.”

ಒಳಗೆ ಗೋಡೆಯ ಮೇಲೆ ಗಾಜಿನ ಥರ್ಮಾಮೀಟರು ತೂಗುತ್ತಿತ್ತು. ಅದು ನಾಲ್ಕು ತೋರಿಸುತ್ತಿತ್ತು. ಒಮ್ಮೆ ಏರಿದರೆ ಇಳಿಯದೆ ಅಲ್ಲೇ ನಿಲ್ಲುವ ಸಣ್ಣ ಸೂಚಿಯೊಂದು ಅದರಲ್ಲಿತ್ತು. ಅದನ್ನು ಚಾಚಾ ನಿನ್ನೆ ಸಂಜೆ ಮನೆಗೆ ಹೋಗುವಾಗ ಇಳಿಸಿದ್ದರು. ಈಗ ಅದು ಐದರಲ್ಲಿತ್ತು. ಧನಶ್ರೀ ಹತ್ತಿರ ಹೋಗಿ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಐದೇ. ಆ ಚಳಿಯಲ್ಲೇ ಗೋಡೆಗೊರಗಿ ನಿಂತಳು. ರಾತ್ರಿಯೆಲ್ಲ ಎಂಟು ದಾಟಿರಲಿಲ್ಲ.

ಆದರೆ ಕಾಗದ ಇನ್ನೂ ಮೇಜಿನ ಮೇಲಿತ್ತು.

ಮ್ಯಾನೇಜರ್ ಕೋಣೆಯಲ್ಲಿ ಅಸದ್ ಬ್ಯಾಗಿಗೆ ಲ್ಯಾಪ್‌ಟಾಪ್ ತುಂಬುತ್ತಿದ್ದ. ಅವನ ಅಜ್ಜಿಯ ಊರು ಚಿಟಗುಪ್ಪ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

“ಸಹಿ ಆತೇನ್ರಿ ಅಕ್ಕಾ?” ಎಂದ.

“ಮಾಡೂದಿಲ್ರಿ.” ‘ಆಗೂದಿಲ್ರಿ’ ಎಂದು ಮೆತ್ತಗೆ ಹೇಳಬೇಕೆಂದುಕೊಂಡಿದ್ದಳು, ಬಾಯಿಂದ ಬಂದದ್ದು ಇದು.

“ಆರು ಫ್ಯಾಕ್ಟರಿ ಮುಗದಾವ. ನಿಮ್ಮದೊಂದ ರಸ್ತಾದಾಗ ಎಮ್ಮಿ ನಿಂತಂಗ ನಿಂತದ.”

“ನಿಲ್ಲಲಿರಿ. ನನ್ನ ಪಟ್ಟಿ ತಪ್ಪದ. ಮೂವತ್ತೊಂದಲ್ಲ, ಮೂವತ್ತೆರಡು.” ಅವಳು ಕೋಲ್ಡ್ ರೂಮಿನ ಗಂಟೆಯ ವಿಷಯ ಹೇಳಿದಳು. ಚಹಾದ ಕಪ್ಪಿನ ಮಾತು ಬಿಟ್ಟಳು.

“ಗಂಟಿ ಕೆಟ್ಟದ ಅಂತ ಹ್ಯಾಂಗ ಗೊತ್ತಾತು?” ಎಂದರು ಅಶೋಕಕುಮಾರ.

“ಇವತ್ತ ಯಾರೂ ಚಹಾಕ್ಕ ಎದ್ದಿಲ್ರಿ ಸರ್.”

ಅಶೋಕಕುಮಾರ ತಮ್ಮ ಮೇಜು ನೋಡಿಕೊಂಡರು. ಅಲ್ಲಿಯೂ ಕಪ್ಪು ಇರಲಿಲ್ಲ.

“ಹತ್ತಕ್ಕೂ ಕೋಲ್ಡ್ ರೂಮಿಗೂ ಏನು ಸಂಬಂಧ?” ಎಂದ ಅಸದ್.

ಹಿಂದಿನಿಂದ ಕೆಮ್ಮು ಕೇಳಿಸಿತು. ಚಾಚಾ ಬಾಗಿಲಲ್ಲಿ ನಿಂತಿದ್ದರು, ಕಪ್ಪು ಕೈಯಲ್ಲೇ ಇತ್ತು. “ಅದು ನಂದ ತಪ್ಪು, ಸಾಬ್,” ಎಂದು ಎಲ್ಲವನ್ನೂ ತಾವೇ ಹೇಳಿದರು.

ಅಸದ್ ಕಪ್ಪನ್ನು ತೆಗೆದುಕೊಂಡು ಕೆನೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಲ್ಯಾಪ್‌ಟಾಪನ್ನು ಬ್ಯಾಗಿನಿಂದ ಮತ್ತೆ ಹೊರತೆಗೆದ.

“ಆ ಆರೂ ಪಟ್ಟಿ ನಾ ಖರೀದಿ ಕಾಗದ ನೋಡಿ ಮಾಡೀನಿ,” ಎಂದ ಮೆಲ್ಲಗೆ. “ಕೆಲಸ ಮಾಡೋರಿಗೆ ಒಬ್ಬರಿಗೂ ಕೇಳಿಲ್ಲ.”

ಕೋಲ್ಡ್ ರೂಮಿದ್ದ ಕಾರ್ಖಾನೆಗಳು ಇನ್ನೆರಡು. ಅವನು ಒಂದೊಂದಕ್ಕೂ ಫೋನು ಹಚ್ಚಿ, “ಈಗಿಂದೀಗ ಗಂಟಿ ಹೊಡಿಸಿ ಕೇಳಿಸ್ರಿ, ನಾ ಫೋನ್ ಇಡಲ್ಲ,” ಎಂದ. ಮೊದಲನೆಯದರ ಗಂಟೆ ಐದು ನಿಮಿಷದಲ್ಲಿ ಬಾರಿಸಿತು. ಎರಡನೆಯದಕ್ಕೆ ತಡವಾಯಿತು. ಕೊನೆಗೆ ಫೋನಿನೊಳಗೆ ಕರ್ಕಶವಾಗಿ ಗಂಟೆ ಬಡಿದುಕೊಂಡಿತು. ಅಸದ್ ಕಣ್ಣು ಮುಚ್ಚಿ ಕುರ್ಚಿಗೊರಗಿದ.

“ಗುಜರಿ ಗಾಡಿ ವಾಪಸ್ ಕಳಸ್ರಿ ಸರ್,” ಎಂದ. “ಹಳೇ ಸರ್ವರ್ ಚಾಲೂ ಮಾಡೂಣ. ಗಂಟಿಗೆ ಬ್ಯಾರೆ ದಾರಿ ಮಾಡೂತನಕ ಅದು ಇರಲಿ. ಆಮ್ಯಾಲ ಅಕ್ಕಾ ಕೇಳಿದಂಗ ಒಂದು ವಾರ ಬಂದ್ ಇಟ್ಟು ನೋಡೂಣ.”

“ಚಹಾ ಒಯ್ದದ್ದಕ್ಕ ಮಾಫಿ ಬರದು ಕೊಡಬೇಕಾಗ್ತದ ಚಾಚಾ,” ಎಂದರು ಅಶೋಕಕುಮಾರ.

“ಬರದು ಕೊಡ್ತೀನ್ರಿ.”

“ಆದ್ರ ನೋಡೂದು ಬಿಡಬ್ಯಾಡ್ರಿ,” ಎಂದ ಅಸದ್. “ಮುಚ್ಚಿದ ಬಾಟಲ್ಯಾಗ ಬಿಸಿನೀರು ಒಯ್ರಿ. ದಿನಾ. ಈ ಅಕ್ಕಾನ ಪಟ್ಟಿಯೊಳಗ ಅದೂ ಬರೀಲಿ.”

ಹನ್ನೆರಡೂಮುಕ್ಕಾಲಿಗೆ ಧನಶ್ರೀ ಗೇಟಿನಲ್ಲಿ, ಕಿಟ್ಲಿಯ ಚಹಾವನ್ನು ಮತ್ತೆ ಕಾಯಿಸಿಟ್ಟುಕೊಂಡಿದ್ದ ಮಡೆಪ್ಪನ ಪಕ್ಕ ನಿಂತಿದ್ದಳು. ಸರ್ವರು ಮತ್ತೆ ಗುಂಯ್‌ಗುಡುತ್ತಿತ್ತು. ಚಾಚಾ ಬಾಟಲಿಯೊಡನೆ ಒಳಗೆ ಹೋಗಿ ಎರಡು ನಿಮಿಷವಾಗಿತ್ತು. ಮೂರಾಯಿತು. ಪ್ಲಗ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿ ಬರೋಣವೆಂದು ಅವಳು ಒಂದು ಹೆಜ್ಜೆ ಇಟ್ಟಳು.

ಗಂಟೆ ಬಾರಿಸಿತು.

ಮಡೆಪ್ಪ ಕೂಡಲೇ ನಿಲ್ಲಿಸಲಿಲ್ಲ. ಇನ್ನಷ್ಟು ಹೊಡೆಯಲೆಂದು ಬಿಟ್ಟ. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. “ಊಟದ ಹೊತ್ತಿನ್ಯಾಗ ಚಹಾ ಏನ್ರಿ?” ಎನ್ನುತ್ತಲೇ ಪೂನಂ ಎಲ್ಲರಿಗಿಂತ ಮೊದಲು ಕಿಟ್ಲಿಯ ಹತ್ತಿರ ಬಂದಳು.

ಚಾಚಾ ಅಂಗಳ ದಾಟಿ ಬಂದಾಗ ಧನಶ್ರೀ ಒಂದು ಕಪ್ಪು ತುಂಬಿ ಅವರ ಕೈಗಿತ್ತಳು. ಅವರು, ಕೋಲ್ಡ್ ರೂಮಿನಲ್ಲಿ ತಣ್ಣಗಾದ ಚಹಾ ಕುಡಿಯುವ ದಿನದ ರೂಢಿಯಂತೆ, ಒಮ್ಮೆಗೇ ದೊಡ್ಡ ಗುಟುಕು ಎಳೆದರು.

“ಯಾ ಅಲ್ಲಾ!” ಎಂದು ಬಾಯಿ ತೆರೆದು ನಿಂತರು. ಹನ್ನೊಂದು ವರ್ಷದಲ್ಲಿ ಹತ್ತರ ಚಹಾ, ತಡವಾಗಿಯಾದರೂ, ಬಿಸಿಯಾಗಿ ಅವರ ನಾಲಿಗೆ ಮುಟ್ಟಿದ್ದು ಅಂದೇ. ಕಣ್ಣಲ್ಲಿ ನೀರು ತುಂಬಿಕೊಂಡು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಊದತೊಡಗಿದರು.