ಐದರೊಳಗೆ

ಸಂಜೆ ಐದರೊಳಗೆ ಒಪ್ಪಿಗೆಯ ಇಮೇಲ್ ಹೋಗದಿದ್ದರೆ ಧಾರವಾಡದ ಕಾಲೇಜಿನ ಕೆಲಸ ಸುಮಂಗಲಾಳ ಕೈತಪ್ಪುತ್ತಿತ್ತು. ಇಬ್ಬರ ಫೋನಿನಲ್ಲೂ ನೆಟ್ ಬಾರದೆ, ಕೊಟ್ಟೂರಿನಿಂದಲೂ ಅವಳು ಕಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ವೈಫೈ ಹುಡುಕುತ್ತಿದ್ದಳು. ಸಿಕ್ಕ ಒಂದೆರಡೂ ಪಾಸ್‌ವರ್ಡ್ ಕೇಳಿದವು. ಐದಾಗುತ್ತ ಬಂದಾಗ, ಹಡಗಲಿಯಲ್ಲಿ ಗಂಡ ಕೊಟ್ರೇಶ ಮಲ್ಲಿಗೆ ಕೊಳ್ಳಲು ಕಾರು ನಿಲ್ಲಿಸಿದ. ಎದುರಿನ ಲಾಡ್ಜಿನ ವೈಫೈ ಏನೂ ಕೇಳದೆ ಸೇರಿಸಿಕೊಂಡಿತು.

ಅವನು ಬಂದು ಹೂವನ್ನು ಅವಳ ಮಡಿಲಿಗಿಟ್ಟು ಕಾರು ಚಾಲೂ ಮಾಡಿದ.

"ಒಂದ್ನಿಮಿಷ ತಡೀರಿ, ಮೇಲ್ ಹೊಂಟೈತಿ."

"ಮದಿವಿ ಮನ್ಯಾಗ ಅವ್ವ ಕಾಯಾಕತ್ಯಾಳ. ನಿನ್ನ ಮೇಲ್ ಎಲ್ಲಿ ಓಡಿ ಹೋಗ್ತೈತಿ?"

ಕಾರು ತಿರುವು ದಾಟಿತು, ಮೇಲ್ ಹೋಗುವ ಮೊದಲೇ ವೈಫೈ ಸಿಗ್ನಲ್ ಹೋಯಿತು. ಐದರ ಗಡುವನ್ನು ಅವಳು ಬೆಳಿಗ್ಗೆಯೇ ಅವನಿಗೆ ಹೇಳಿದ್ದಳು.

"ಹೂವು ಮುಡ್ಕೊ," ಎಂದ ಅಕ್ಕರೆಯಿಂದ. "ಚಂದ ಕಾಣ್ತಿ."

ಇವನ ಮೇಲೆ ಯಾರಿಗೆ, ಏನೆಂದು ದೂರು ಹೇಳುವುದು? ಅವಳು ಮುಡಿದುಕೊಂಡಳು.